ಮೊದಲ ಸಲ ಬೆಟ್ಟ ಹತ್ತುವವರು ಮತ್ತು ನಮ್ಮ ಹೊಣೆ



ಕೊಯ್ಲಿನ ದಿನಗಳು ಬಂದವೆಂದರೆ ನಮಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಒಂದು ಕಡೆ ಅಡಿಕೆ ಸುಲಿದು ಬೇಯಿಸಿ ಒಣಗಿಸುವ ಕೆಲಸ. ಅರೇಬಿಕಾ ಕಣ ಸೇರುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿ ಕರೆಯುತ್ತಿರುತ್ತದೆ. ಸರಿಯಾಗಿ ಇದೇ ದಿನಗಳಲ್ಲಿ, ಶನಿವಾರ ಭಾನುವಾರಗಳಂದು, ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರ ಗುಂಪುಗಳು ನಮ್ಮ ಬೇಲಿಯ ಪಕ್ಕದಿಂದಲೇ ಬೆಟ್ಟದ ದಾರಿ ಹಿಡಿಯುತ್ತವೆ. ಅವರಲ್ಲಿ ಅನೇಕರು ಜನ್ಮದಲ್ಲಿ ಮೊದಲ ಸಲ ಬೆಟ್ಟ ಹತ್ತುವವರು. ಯಾರೋ ಒಬ್ಬ ಗೆಳೆಯ ಕರೆದ, ಬಂದರು; ಅಷ್ಟೇ.

ಇವರ ವಿಷಯದಲ್ಲಿ ನಮ್ಮ ಸದಸ್ಯರಲ್ಲಿ ಎರಡು ಅಭಿಪ್ರಾಯಗಳಿವೆ. ಬಾಟಲಿ ಎಸೆಯುತ್ತಾರೆ, ಬೀಡಿ ಸಿಗರೇಟಿನ ಕಿಡಿ ಬಿಡುತ್ತಾರೆ, ಇವರನ್ನು ಗೇಟಿನಲ್ಲೇ ತಡೆಯಬೇಕು ಎಂಬುದು ಒಂದು. ಬರಲಿ ಬಿಡಿ, ಬೆಲೆ ಬಿದ್ದ ವರ್ಷ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹೋದರೆ ಅದೇ ಆಧಾರ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡಕ್ಕಿಂತ ಮೊದಲು ಯೋಚಿಸಬೇಕಾದ ಸಂಗತಿಯೊಂದಿದೆ. ಬೆಟ್ಟದ ಬಗ್ಗೆ ನಮಗೆ ಗೊತ್ತಿರುವುದು ಬಂದವರಿಗೆ ಗೊತ್ತಿಲ್ಲ. ಅದನ್ನು ಅವರಿಗೆ ಹೇಳುವುದು ಯಾರ ಕೆಲಸ? ನಮ್ಮ ಕೆಲಸ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸರ್ಕಾರ ತನ್ನ ಪಾಲಿನದನ್ನು ಮಾಡುತ್ತಿಲ್ಲವೆಂದಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿತು. ಆಮೇಲೆ ಅದೇ ವರ್ಷ ಆನ್‌ಲೈನ್ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ ತಂದಿತು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೂ ಮುಂಗಡ ನೋಂದಣಿ ಬಂದಿದೆ. ಇವು ಬೇಕಾದ ಕ್ರಮಗಳೇ. ಆದರೆ ನೋಂದಣಿಯಿಂದ ತಲೆ ಎಣಿಸಬಹುದು, ಬೂಟು ಜಾರುವುದನ್ನು ತಪ್ಪಿಸಲಾಗದು. ಇವತ್ತು ಮಧ್ಯಾಹ್ನದ ಮೇಲೆ ಮೋಡ ಇಳಿಯುತ್ತದೆ, ಬೇಡ ಎಂದು ಹೇಳಲು ಅಲ್ಲಿಯವನೊಬ್ಬ ಬೇಕು.

ಈ ಮಾತಿಗೆ ನಮ್ಮ ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಧಾರವಾಡ ಕೃಷಿ ಕಾಲೇಜಿನ ಸಹಪಾಠಿಯೊಬ್ಬರು ಸಿಂಧನೂರು ತಾಲೂಕಿನ ದಢೇಸುಗೂರಿನಲ್ಲಿ ಭತ್ತ ಬೆಳೆಯುತ್ತಾರೆ. ತುಂಗಭದ್ರೆಯ ದಡದ ಸೀಮೆ, ಎಡದಂಡೆ ನಾಲೆಯ ನೀರು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇರುವ ಊರು. ಕಣ್ಣು ಹಾಯುವಷ್ಟು ದೂರ ಗದ್ದೆಯ ಬದುಗಳೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನೀರೆಲ್ಲ ಹೊಳೆ ಪಾಲಾಗುತ್ತಿದ್ದಾಗ ಆ ಸೀಮೆಯ ಮನೆಮನೆಯಲ್ಲೂ ನಿದ್ದೆಯಿರಲಿಲ್ಲ. ಬದಲಿ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆ ಸಹಪಾಠಿಯ ಮಗನಿಗೆ ಒಂದು ಹಂಬಲ ಹುಟ್ಟಿತು: ಈ ನೀರು ಹುಟ್ಟುವ ಬೆಟ್ಟವನ್ನು ಒಮ್ಮೆ ನೋಡಬೇಕು. ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಸೀದಾ ಕುಮಾರಪರ್ವತಕ್ಕೇ ಹೊರಡುವ ಯೋಚನೆ. ಸಹಪಾಠಿ ಫೋನು ಮಾಡಿದರು: "ಹುಡುಗ ಬದುವಿನ ಮ್ಯಾಲ ಬಿಟ್ರ ಎಲ್ಲೂ ಏರಿದವನಲ್ಲ. ಏನಪಾ ಮಾಡೂದು?"

ಕುಮಾರಪರ್ವತ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿ ಇಳಿಯಲು ಸುಮಾರು 25 ಕಿ.ಮೀ. ಹೊಸಬನಿಗೆ ಅದು ಮೊದಲ ಪಾಠವಲ್ಲ, ಪರೀಕ್ಷೆ. ಮನೆಯ ಹತ್ತಿರದ ಗುಡ್ಡ ಮೊದಲಾಗಲಿ, ಮುಳ್ಳಯ್ಯನಗಿರಿಗೆ ಆಮೇಲೆ ಬರಲಿ, ಕುಮಾರಪರ್ವತ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆವು. ನವೆಂಬರಿನಲ್ಲಿ ಅವರ ಮನೆಯ ಕಾರ್ಯವೊಂದಕ್ಕೆ ಹೋಗಿದ್ದಾಗ ಹುಡುಗರ ಜೊತೆ ಮಸ್ಕಿಯ ಬೆಟ್ಟಕ್ಕೆ ನಾವೂ ಹೊರಟೆವು.

ಮಸ್ಕಿಯ ಹೆಸರು ಇತಿಹಾಸ ಓದಿದವರಿಗೆಲ್ಲ ಗೊತ್ತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿಯ ಬಂಡೆಯಲ್ಲಿ ಬ್ರಾಹ್ಮಿ ಲಿಪಿಯ ಶಾಸನವನ್ನು ಕಂಡರು. ಅಲ್ಲಿಯವರೆಗೆ ದೇವಾನಾಂಪಿಯ ಎಂಬ ಬಿರುದಿನಿಂದಷ್ಟೇ ತಿಳಿದಿದ್ದ ದೊರೆ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತು. ಅದರಲ್ಲಿ ಅವನ ಹೆಸರೇ ಇದೆ. ಶಾಸನದ ಆಶಯ ಇನ್ನೂ ಸ್ವಾರಸ್ಯದ್ದು: ಮೇಲಿನ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟುತ್ತಾರೆಂದು ತಿಳಿಯಬಾರದು, ಸಣ್ಣವರೂ ಶ್ರಮಿಸಿದರೆ ಮುಟ್ಟಬಲ್ಲರು, ಇದನ್ನು ಇಬ್ಬರಿಗೂ ತಿಳಿಸಬೇಕು ಎಂದು. ದೊರೆ ಹೇಳಿದ್ದು ಧರ್ಮದ ಮಾತಾದರೂ ಹೊಸದಾಗಿ ಬೆಟ್ಟ ಹತ್ತುವವನಿಗೂ ಒಪ್ಪುವಂಥದ್ದೇ.

ಬೆಟ್ಟ ಎತ್ತರದ್ದೇನಲ್ಲ. ಆದರೆ ನಮ್ಮ ಕಡೆಯಂತೆ ಅಲ್ಲಿ ಮರದ ನೆರಳಿಲ್ಲ, ಬರೀ ಬಂಡೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ. ನವೆಂಬರಿನಲ್ಲೂ ಒಂಬತ್ತು ಗಂಟೆಗೆ ಕಲ್ಲು ಕಾಯತೊಡಗುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಬುಡದಲ್ಲಿರಬೇಕೆಂದು ಸಹಪಾಠಿ ಪಟ್ಟು ಹಿಡಿದರು. ದಾರಿ ತೋರಿಸಲು ಅಲ್ಲಿಯ ಕುರಿ ಕಾಯುವ ಹಿರಿಯರೊಬ್ಬರನ್ನು ಕರೆತಂದಿದ್ದರು. ಕಾಲು ಭಾಗ ಏರುವಷ್ಟರಲ್ಲಿ ನಾಲ್ವರು ಗೆಳೆಯರು ಮುಂದೆ ಓಡಿದರು. ನಮ್ಮ ಹುಡುಗ ಹಿಂದೆ ಬಿದ್ದ. ಮುಖ ಕೆಂಪೇರಿದೆ, ಉಸಿರು ಸಿಗುತ್ತಿಲ್ಲ. ಆದರೂ ಬಾಯಿ ಬಿಡಲೊಲ್ಲ. ಗೆಳೆಯರ ಮುಂದೆ ನಾಚಿಕೆ.

ಹಿರಿಯರು ಎಲ್ಲರನ್ನೂ ಕೂಗಿ ನಿಲ್ಲಿಸಿದರು. "ಹಿಂದಿದ್ದವನ ಉಸಿರು ಮುಂದಿದ್ದವರಿಗೆ ಕೇಳಂಗಿಲ್ರಿ. ಹೊಸಬನ್ನ ಮುಂದ ಬಿಡ್ರಿ, ಉಳಿದೋರು ಹಿಂದ ಬರ್ರಿ" ಎಂದರು. ಅಲ್ಲಿಂದ ಮುಂದೆ ಐವರೂ ಆ ಹುಡುಗನ ಹೆಜ್ಜೆಗೇ ನಡೆದರು. ಇಪ್ಪತ್ತು ನಿಮಿಷಕ್ಕೊಮ್ಮೆ ಕೂರುವುದು, ಎರಡು ಗುಟುಕು ನೀರು, ಏಳುವುದು. ಮಲ್ಲಿಕಾರ್ಜುನನ ಗುಡಿಯ ಮುಂದೆ ಕೂತು ಶೇಂಗಾ ಉಂಡಿ ತಿಂದು, ಬಿಸಿಲು ಏರುವ ಮೊದಲೇ ಇಳಿದದ್ದಾಯಿತು. ಬೆಟ್ಟದ ಪುಸ್ತಕಗಳಲ್ಲಿ ಬರೆದಿರುವ ನಿಯಮವನ್ನು ಆ ಹಿರಿಯರು ಕುರಿಯ ಹಿಂಡಿನಿಂದ ಕಲಿತಿದ್ದರೆಂದು ಕಾಣುತ್ತದೆ. ಗುಂಪಿನ ವೇಗ ಎಂದರೆ ಅದರಲ್ಲಿ ತೀರ ನಿಧಾನವಾಗಿ ನಡೆಯುವವನ ವೇಗ. ಇದನ್ನು ಒಪ್ಪದ ಗೆಳೆಯರ ಜೊತೆ ಹೊಸಬನು ಬೆಟ್ಟಕ್ಕೆ ಹೋಗದಿರುವುದೇ ಲೇಸು.

ಡಿಸೆಂಬರಿನಲ್ಲಿ ಅದೇ ಐವರು ನಮ್ಮಲ್ಲಿಗೆ ಬಂದರು. ಮುಳ್ಳಯ್ಯನಗಿರಿ 1,930 ಮೀಟರ್, ಅವರ ಊರು 400 ಮೀಟರಿನ ಆಸುಪಾಸು. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಚಳಿ ಏರುತ್ತದೆ, ಅದರ ಮೇಲೆ ಗಾಳಿ. ಹುಡುಗರ ಚೀಲದಲ್ಲಿ ಒಂದೊಂದು ಹತ್ತಿ ಅಂಗಿ ಬಿಟ್ಟರೆ ಏನೂ ಇರಲಿಲ್ಲ. ಮನೆಯಲ್ಲಿದ್ದ ಸ್ವೆಟರು ಕಂಬಳಿಗಳನ್ನೆಲ್ಲ ಹಂಚಿ, ಸರ್ಪದಾರಿಯ ಕಡೆಯಿಂದ ನಮ್ಮ ಮೇಸ್ತ್ರಿಯ ಜೊತೆ ಕಳಿಸಿದೆವು. ಮುಕ್ಕಾಲು ಭಾಗ ಏರಿದ್ದಾರೆ, ಮಂಜು ಕವಿದು ಹತ್ತು ಮಾರು ಆಚೆಗೆ ಏನೂ ಕಾಣದಾಯಿತು. ಇಷ್ಟು ಬಂದಾಯಿತು, ಇನ್ನೇನು ಎಂಬುದು ಹುಡುಗರ ವಾದ. ಮೇಸ್ತ್ರಿ ಅರ್ಧ ಗಂಟೆ ಕಾದು ನೋಡಿದರು, ಮಂಜು ತೆರೆಯಲಿಲ್ಲ; ಐವರನ್ನೂ ಇಳಿಸಿಕೊಂಡು ಬಂದರು. ಆ ರಾತ್ರಿ ಊಟಕ್ಕೆ ಕೂತಾಗ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಮಾರನೆಯ ದಿನ ಆಕಾಶ ತಿಳಿಯಾಗಿತ್ತು, ಹತ್ತಿ ಬಂದರು. "ಕಾಕಾ, ನಿನ್ನೆ ಹೊಳ್ಳಿ ಬಂದಿದ್ದ ಚಲೋ ಆತು, ಆ ಏಣಿನ ದಾರಿ ಇವತ್ತು ಕಣ್ಣಾರೆ ಕಂಡ ಮ್ಯಾಲ ಎದಿ ಝಲ್ ಅಂತು" ಎಂದ ಹುಡುಗ.

ಆ ಗಿರಿಸಾಲಿನ ಪಡುವಣ ಮಗ್ಗುಲಿನ ಮಳೆ ಭದ್ರೆಯ ಪಾಲು. ಮೂಡಣ ಮಗ್ಗುಲಿನದು ವೇದಾವತಿಯಾಗಿ, ವಾಣಿವಿಲಾಸ ಸಾಗರ ದಾಟಿ, ಹಗರಿ ಎಂಬ ಹೆಸರು ಪಡೆದು, ದಢೇಸುಗೂರಿನ ಆಚೆ ದಡದ ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಗೇ ಸೇರುತ್ತದೆ. ಈ ಎರಡು ಮಗ್ಗುಲಿಗೆ ಬಿದ್ದ ಹನಿ ಕೊನೆಗೆ ಅವರ ಹೊಳೆಗೇ. ಇದನ್ನು ಭೂಪಟದಲ್ಲಿ ತೋರಿಸಿದಾಗ ಆ ಹುಡುಗರು ಸುಮ್ಮನೆ ಕೂತುಬಿಟ್ಟರು. ಹೀಗೆ ತಿಳಿದು ಹತ್ತಿದವನು ಬೆಟ್ಟದ ಮೇಲೆ ಬಾಟಲಿ ಎಸೆಯಲಾರ ಎಂಬುದು ನಮ್ಮ ನಂಬಿಕೆ.

ಎಲ್ಲ ಚಾರಣಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಜನರ ತಂಡದಲ್ಲಿ ಕರ್ನಾಟಕದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಪಳಗಿದವರೂ ಇದ್ದರು. ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ, ನಿಜ. ಆದರೆ ನಮ್ಮಲ್ಲಿ ಇರುವ ಅಪಾಯಗಳು ಹೊರಗಿನವರ ಕಣ್ಣಿಗೆ ಬೀಳುವಂಥವಲ್ಲ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನಿಂದ ಹರಡುತ್ತದೆ. ಅದು ಹೆಚ್ಚುವ ಕಾಲವೂ ಚಾರಣಿಗರು ಬರುವ ಕಾಲವೂ ಒಂದೇ, ಡಿಸೆಂಬರಿನಿಂದ ಮೇ ತನಕ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ. ಅಷ್ಟರಲ್ಲಿ ಬಂದವನು ತನ್ನೂರು ಸೇರಿರುತ್ತಾನೆ. ಅಲ್ಲಿಯ ವೈದ್ಯರಿಗೆ ಮಲೆನಾಡಿನ ಕಾಡಿನ ಸಂಶಯ ಬರುವುದಾದರೂ ಹೇಗೆ? ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮರೆಯದೆ ಹೇಳು ಎಂಬ ಒಂದು ಮಾತನ್ನು ನಾವು ಹೇಳಿ ಕಳಿಸಿದರೆ ಅದು ಜೀವ ಉಳಿಸೀತು. ಹಾಗೆಯೇ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಸಿಡಿಲು, ಮೂಡಿಗೆರೆ ಸಕಲೇಶಪುರ ಕಡೆಯ ಆನೆ, ಫೆಬ್ರವರಿಯ ಒಣ ಹುಲ್ಲು. ಇವೆಲ್ಲ ನಮಗೆ ನಿತ್ಯದ ಸಂಗತಿಗಳು, ಅವರಿಗೆ ಕಿವಿಗೂ ಬೀಳದವು.

ಈ ಕಾರಣದಿಂದ ಬೆಟ್ಟದ ದಾರಿಯ ಪಕ್ಕ ತೋಟವಿರುವ ಸದಸ್ಯರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ.

ಒಂದು: ದಾರಿ ಕೇಳಿದವರಿಗೆ ದೂರ ಹೇಳಬೇಡಿ, ಸಮಯ ಹೇಳಿ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ಐದು ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೂರು ಕಿ.ಮೀ. ದಾರಿಯಲ್ಲಿ 600 ಮೀಟರ್ ಏರಿದ್ದರೆ ಪಳಗಿದವನಿಗೆ ಒಂದೂವರೆ ಗಂಟೆಗೆ ಮೇಲೆ. ಹೊಸಬನಿಗೆ ಅದರ ಎರಡರಷ್ಟು ಹಿಡಿಯಿರಿ. ಎಲ್ಲಿದ್ದರೂ ಇಷ್ಟು ಗಂಟೆಗೆ ಹಿಂತಿರುಗತಕ್ಕದ್ದು ಎಂದೂ ಹೇಳಿ. ಕಾಲು ಜಾರುವುದು ಹೆಚ್ಚಾಗಿ ದಣಿದು ಇಳಿಯುವಾಗಲೇ.

ಎರಡು: ಗೇಟಿನಲ್ಲಿ ಒಂದು ನೋಟ್‌ಪುಸ್ತಕವಿರಲಿ. ಹೆಸರು, ಎಷ್ಟು ಜನ, ಫೋನು, ಹೋದ ಸಮಯ, ಬಂದ ಸಮಯ. ಕತ್ತಲಾದ ಮೇಲೆ ಒಂದು ಸಾಲು ಖಾಲಿ ಉಳಿದಿದ್ದರೆ ಹುಡುಕುವವರಿಗೆ ಅದೇ ಆಧಾರ.

ಮೂರು: ಊರಿನ ಹುಡುಗರನ್ನು ದಾರಿ ತೋರಿಸಲು ತಯಾರು ಮಾಡೋಣ. ನ್ಯಾಯವಾದ ಕೂಲಿ ಗೊತ್ತುಪಡಿಸೋಣ. ಪ್ರಥಮ ಚಿಕಿತ್ಸೆಯ ತರಬೇತಿಗೆ ಸಂಘವೇ ಏರ್ಪಾಡು ಮಾಡಬಹುದು.

ನಾಲ್ಕು: ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವ ಸದಸ್ಯರು ಬೇಡ ಎನ್ನುವುದನ್ನು ಕಲಿಯಬೇಕು. ಮಳೆಯ ದಿನ ಬೆಟ್ಟಕ್ಕೆ ಬಿಡುವುದಿಲ್ಲವೆಂದರೆ ಎರಡು ಕೋಣೆಯ ಬಾಡಿಗೆ ಹೋದೀತು, ಹೋಗಲಿ. ಗಿರಿಗದ್ದೆಯ ಭಟ್ಟರ ಮನೆಯವರು ಕುಮಾರಪರ್ವತದ ದಾರಿಯಲ್ಲಿ ದಶಕಗಳ ಕಾಲ ಚಾರಣಿಗರಿಗೆ ಅನ್ನ ಹಾಕಿದ್ದಾರೆ. ಇಂದಿಗೂ ಜನ ಆ ಮನೆಯನ್ನು ನೆನೆಯುವುದು ಅಲ್ಲಿ ಸಿಕ್ಕ ಆಸರೆಗಾಗಿ.

ಐದು: ನಮ್ಮ ಸ್ವಂತ ಮಕ್ಕಳು. ಪೇಟೆಯ ಶಾಲೆಯಲ್ಲಿ ಓದಿ ರಜಕ್ಕೆ ಬರುವ ಅವರಲ್ಲಿ ಎಷ್ಟು ಮಂದಿ ಮನೆಯ ಹಿಂದಿನ ಗುಡ್ಡದ ನೆತ್ತಿ ಕಂಡಿದ್ದಾರೆ? ಅವರೂ ಈಗ ಹೊಸಬರೇ. ಬರುವ ರಜದಲ್ಲಿ ಒಂದು ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋಗಿ, ಚಿಕ್ಕವರನ್ನು ಮುಂದೆ ಬಿಟ್ಟು ನಡೆಯಿರಿ.

ಇದಕ್ಕೆಲ್ಲ ದೊಡ್ಡ ಹಣ ಬೇಡ. ಒಂದು ಫಲಕ, ಒಂದು ಪುಸ್ತಕ, ದಾರಿಗೊಬ್ಬ ತಿಳಿದವನು ಸಾಕು. ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುತ್ತೇವೆ. ತಮ್ಮ ತೋಟದ ಪಕ್ಕದಿಂದ ಹೋಗುವ ದಾರಿ ಯಾವುದು, ಅಲ್ಲಿ ಯಾವ ತಿಂಗಳಲ್ಲಿ ಯಾವ ಅಪಾಯ, ದಾರಿ ತೋರಿಸಬಲ್ಲವರು ಯಾರಿದ್ದಾರೆ ಎಂಬುದನ್ನು ಸದಸ್ಯರು ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಬೇಕಾಗಿ ಕೋರುತ್ತೇವೆ.