ಕೈ ತಪ್ಪಿದವರೆಲ್ಲ ಪುಕ್ಕಲರೇ?

2025ರ ಏಪ್ರಿಲ್ 13ರ ಭಾನುವಾರ ಸಂಜೆ, ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಕುಳಿತು, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಗಾಲ್ಫ್ ಪಂದ್ಯವೊಂದನ್ನು ಕೊನೆಯವರೆಗೆ ನೋಡಿದೆ. ಅಗಸ್ಟಾದ ಮಾಸ್ಟರ್ಸ್ ಟೂರ್ನಿಯ ಅಂತಿಮ ದಿನವದು. ಕಬಡ್ಡಿ, ಲಗೋರಿ ಆಡಿ ಬೆಳೆದ ನನಗೆ ಈ ಆಟದ ನಿಧಾನಗತಿ ತೂಕಡಿಕೆ ತರಿಸಿದ್ದು ನಿಜ. ನನ್ನನ್ನು ಎಚ್ಚರಿಸಿದ್ದು ಅಳಿಯ ಮತ್ತು ಅವರ ಗೆಳೆಯರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ಚೋಕರ್’ ಎಂಬ ಪದ. ಗೆಲುವಿನ ಹೊಸ್ತಿಲಲ್ಲಿ ಗಂಟಲು ಕಟ್ಟಿದಂತಾಗಿ ಸೋಲುವವನು ಎಂದು ಅದರ ಅರ್ಥ. ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಂಡಕ್ಕೆ ಬಹುಕಾಲ ಅಂಟಿಸಿದ್ದ ಹಣೆಪಟ್ಟಿಯೂ ಇದೇ.

ಅಂದು ಅವರ ಆರೋಪಿ ಉತ್ತರ ಐರ್ಲೆಂಡಿನ ರೋರಿ ಮೆಕಿಲ್‌ರಾಯ್. ಆರೋಪಪಟ್ಟಿ ಉದ್ದವಾಗಿತ್ತು. 2011ರಲ್ಲಿ ಇದೇ ಅಂಗಳದಲ್ಲಿ 4 ಹೊಡೆತಗಳ ಮುನ್ನಡೆಯೊಡನೆ ಕೊನೆಯ ದಿನ ಆರಂಭಿಸಿ, 80 ಹೊಡೆತ ತೆಗೆದುಕೊಂಡು ಕುಸಿದದ್ದು. (ಎರಡೇ ತಿಂಗಳಲ್ಲಿ ಯು.ಎಸ್. ಓಪನ್ ಅನ್ನು 8 ಹೊಡೆತಗಳ ಅಂತರದಿಂದ ಗೆದ್ದದ್ದನ್ನು ಯಾರೂ ಹೇಳಲಿಲ್ಲ!) 2024ರ ಯು.ಎಸ್. ಓಪನ್‌ನಲ್ಲಿ, ಕುಳಿಗೆ ಮೂರು ನಾಲ್ಕು ಅಡಿಯೊಳಗಿದ್ದ ಚೆಂಡನ್ನು ಕೊನೆಯ ಮೂರು ಕುಳಿಗಳಲ್ಲಿ ಎರಡು ಬಾರಿ ಒಳಕ್ಕೆ ಉರುಳಿಸಲಾಗದೆ ಒಂದೇ ಹೊಡೆತದಿಂದ ಸೋತದ್ದು. ಈಗ ಹದಿನೆಂಟನೆಯ ಕುಳಿಯಲ್ಲಿ ಸುಮಾರು 5 ಅಡಿ ದೂರದ ಗುರಿಯೂ ತಪ್ಪಿತು. “ನೋಡಿದಿರಾ ಮಾವ, ನಾನು ಹೇಳಿರಲಿಲ್ಲವೇ?” ಎಂದರು ಅಳಿಯ.

ಸ್ವಲ್ಪ ಹೊತ್ತಿನಲ್ಲೇ ಸಮಬಲ ಮುರಿಯಲು ಅದೇ ಹದಿನೆಂಟನೆಯ ಕುಳಿಯನ್ನು ಮತ್ತೆ ಆಡಿಸಿದರು. ಅದೇ ಮನುಷ್ಯ, ಅದೇ ಕುಳಿ, ಅದೇ ಸಂಜೆ. ಮೆಕಿಲ್‌ರಾಯ್ ಚೆಂಡನ್ನು ಕುಳಿಯ ಸಮೀಪಕ್ಕೆ ತಂದು, ಒಳಕ್ಕೆ ಉರುಳಿಸಿ, ಜಸ್ಟಿನ್ ರೋಸ್ ಅವರನ್ನು ಸೋಲಿಸಿದರು. “ಅಂತೂ ಧೈರ್ಯ ಬಂತು!” ಎಂದು ಗೆಳೆಯರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಹೊತ್ತು ಇಲ್ಲದಿದ್ದ ಧೈರ್ಯ ಆ ಕೆಲವು ನಿಮಿಷಗಳಲ್ಲಿ ಎಲ್ಲಿಂದ ಬಂದೀತು? ತಪ್ಪಿದ್ದು ಒಂದು ಹೊಡೆತ. ಹೆಸರಿಟ್ಟದ್ದು ಇಡೀ ಮನುಷ್ಯನಿಗೆ.

ಗಣಿತದ ಮೇಷ್ಟರಾಗಿ ಇನ್ನೊಂದು ಮಾತು. ಈ ಟೂರ್ನಿಗಳು ನಾಲ್ಕು ದಿನಗಳ, 72 ಕುಳಿಗಳ ಕೂಡಿಕೆ ಲೆಕ್ಕ. ಗುರುವಾರ ವ್ಯರ್ಥವಾದ ಹೊಡೆತಕ್ಕೂ ಭಾನುವಾರ ವ್ಯರ್ಥವಾದ ಹೊಡೆತಕ್ಕೂ ಮೊತ್ತದಲ್ಲಿ ಬೆಲೆ ಒಂದೇ. 1996ರ ಮಾಸ್ಟರ್ಸ್‌ನಲ್ಲಿ ಗ್ರೆಗ್ ನಾರ್ಮನ್ ಮೊದಲ ದಿನ 63, ಕೊನೆಯ ದಿನ 78 ಹೊಡೆತ ತೆಗೆದುಕೊಂಡು, 6 ಹೊಡೆತಗಳ ಮುನ್ನಡೆ ಕಳೆದುಕೊಂಡರು. ಅಭಿಮಾನಿಗಳಿಗೆ ಇಂದಿಗೂ ನೆನಪಿರುವುದು ಆ 78. ಅದೇ ದಿನ ನಿಕ್ ಫಾಲ್ಡೊ 67ರಲ್ಲಿ ಮುಗಿಸಿದ್ದನ್ನು ಎಷ್ಟು ಜನ ನೆನೆಯುತ್ತಾರೆ?

“ಕೋಟಿಗಟ್ಟಲೆ ಸಂಪಾದಿಸುವವರು ಇಷ್ಟು ಮಾತು ಕೇಳಬಾರದೇ ಮಾವ?” ಎಂಬುದು ಅಳಿಯನ ವಾದ. ಧಾರಾಳವಾಗಿ ಕೇಳಲಿ. 1999ರ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ, ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತಗಳ ಮುನ್ನಡೆಯೊಡನೆ ಕೊನೆಯ ಕುಳಿಗೆ ಬಂದರು. ಆರು ಹೊಡೆತ ಸಾಕಾಗಿತ್ತು. ಜಾಗ್ರತೆಯಾಗಿ ಆಡುವ ಬದಲು ಜೋರಾಗಿ ಬೀಸಿದರು. ಚೆಂಡು ಒಮ್ಮೆ ಪ್ರೇಕ್ಷಕರ ಅಟ್ಟಣೆಯ ಕಂಬಿಗೆ ಬಡಿದು ಹುಲ್ಲಿಗೆ, ಇನ್ನೊಮ್ಮೆ ತೊರೆಗೆ. ಅವರು ಬೂಟು ಕಳಚಿ ನೀರಿಗಿಳಿದ ದೃಶ್ಯಕ್ಕೆ ಜಗತ್ತು ನಕ್ಕಿತು. ಆ ನಿರ್ಧಾರ ತಪ್ಪೆಂದು ಯಾರೂ ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ಕೊನೆಗೆ ಚೆಂಡು ಕುಳಿಯಿಂದ ಒಂದು ಮಂಚದುದ್ದ ದೂರದಲ್ಲಿತ್ತು. ಅದು ತಪ್ಪಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟೆಲ್ಲ ಅವಮಾನದ ನಂತರ ಅವರು ಅದನ್ನು ಕುಳಿಗೆ ಸೇರಿಸಿ ಮರುಪಂದ್ಯಕ್ಕೆ ಅರ್ಹರಾದರು. ಅದರಲ್ಲಿ ಗೆದ್ದವರು ಪಾಲ್ ಲಾರಿ, ಅದು ಬೇರೆ ಮಾತು. ಒತ್ತಡ ತಾಳಲಾರದವನು ಆ ಹೊಡೆತ ಹೊಡೆದದ್ದು ಹೇಗೆ?

ಒತ್ತಡವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಪಳಗಿದ ಕೈ ತಾನಾಗಿ ಕೆಲಸ ಮಾಡುತ್ತದೆ. ಭಯದಲ್ಲಿ ಮನಸ್ಸು ಅದರ ಒಂದೊಂದು ಚಲನೆಯನ್ನೂ ಕಾಯತೊಡಗಿದರೆ ಲಯ ಕೆಡುತ್ತದೆ ಎಂದು ಮನಃಶಾಸ್ತ್ರಜ್ಞರು ವಿವರಿಸುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತರ ಎದುರು ಬಹಳ ಎಚ್ಚರದಿಂದ ಹಾಕಿದ ಸಹಿಯೇ ಹೊಂದದೆ ಹೋಗುವುದು ನಮ್ಮಂಥ ಪಿಂಚಣಿದಾರರಿಗೆ ಗೊತ್ತು. ಅದಕ್ಕಾಗಿ ನಮ್ಮನ್ನು ಯಾರೂ ಹೇಡಿಗಳೆನ್ನುವುದಿಲ್ಲ.

ಇಷ್ಟು ಕೋಪ ಏಕೆಂದು ನೀವು ಕೇಳಬಹುದು. ತೊಂಬತ್ತರ ದಶಕದ ಆರಂಭದಲ್ಲಿ ನಾನೂ ಒಬ್ಬನಿಗೆ ಇಂಥ ಹೆಸರಿಟ್ಟಿದ್ದೆ. ವಿಷಯ ಪರಿವೀಕ್ಷಕರು ಬಂದಿದ್ದ ದಿನ, ಒಂಬತ್ತನೆಯ ತರಗತಿಯ ನನ್ನ ಅತ್ಯುತ್ತಮ ಹುಡುಗನನ್ನೇ ಕಪ್ಪುಹಲಗೆಗೆ ಕಳುಹಿಸಿದೆ. ನಿತ್ಯ ಬಿಡಿಸುತ್ತಿದ್ದ ಪ್ರಮೇಯವೇ. ನಡುವೆ ಅವನ ಕೈ ನಿಂತುಹೋಯಿತು, ಸುಣ್ಣದಕಡ್ಡಿ ಮುರಿಯಿತು. ನನ್ನ ಮಾನ ಹೋಯಿತೆಂಬ ಸಿಟ್ಟಿಗೆ, ಅವರು ಹೊರಟ ಮೇಲೆ, ಇಡೀ ತರಗತಿಯೆದುರು “ಪುಕ್ಕಲ” ಎಂದೆ. ಹುಡುಗರು ಆ ಹೆಸರನ್ನು ಬಿಡಲಿಲ್ಲ. ಅವನು ಮತ್ತೆಂದೂ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ.

ಅವನು ಇದನ್ನು ಓದುವ ಸಂಭವವಿದೆ. ನಿಮ್ಮಲ್ಲಿ ಕೆಲವರಿಗೆ ಅವನ ಪರಿಚಯವೂ ಇದ್ದೀತು. ಅಂದು ಹಲಗೆಯ ಮೇಲೆ ಅವನು ಬರೆದಿದ್ದ ದತ್ತ, ಸಾಧನೀಯ, ರಚನೆ ಮೂರೂ ಸರಿಯಾಗಿದ್ದವು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.