ಲೋಕ ನೋಡಲು ನಮ್ಮ ನೆಲವೇ ಸಾಕೆ?

ರಜೆ ಹತ್ತಿರ ಬಂದರೆ ಸಾಕು, ಫಾರಿನ್ ಟೂರಿನ ಮಾತು ಶುರುವಾಗುತ್ತದೆ. ಸಾಲ ಮಾಡಿಯಾದರೂ ಹೊರದೇಶ ನೋಡಬೇಕೆನ್ನುವವರಿದ್ದಾರೆ. ನೋಡುವುದೆಲ್ಲ ಇಲ್ಲೇ ಇದೆ ಎನ್ನುವವರೂ ಇದ್ದಾರೆ.

ಪರ: ನೋಡುವ ಕಣ್ಣಿದ್ದರೆ ಇಲ್ಲೇ ಇದೆ

ಲಾಸಾಕ್ಕೆ ಹೋಗಲು ಚೀನಾದ ವೀಸಾ ಒಂದೇ ಸಾಲದು, ಟಿಬೆಟ್‌ಗೆಂದೇ ಬೇರೆ ಪರವಾನಗಿ ಬೇಕು. ಬೈಲಕುಪ್ಪೆಗೆ ಬೇಕಾದದ್ದು ಮೈಸೂರಿನಿಂದ ಒಂದು ಬಸ್ ಟಿಕೆಟ್. 1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡು ಜಮೀನನ್ನು ಹಸನು ಮಾಡಿ ಟಿಬೆಟನ್ನರು ಅಲ್ಲಿ ಊರು ಕಟ್ಟಿಕೊಂಡರು. ನಾಮ್‌ಡ್ರೋಲಿಂಗ್ ಮಠದಲ್ಲಿ ಪೂಜೆಯ ಹೊತ್ತಿಗೆ ಹೋಗಿ ಕುಳಿತು ನೋಡಿ. ಉದ್ದನೆಯ ಕಹಳೆಗಳ ಮೊಳಗು ಎದೆಗೇ ಬಂದು ತಾಗುತ್ತದೆ. ಎದುರಿಗೆ ಬುದ್ಧ, ಪದ್ಮಸಂಭವ, ಅಮಿತಾಯುಸರ ಬಂಗಾರ ಬಣ್ಣದ ಭಾರಿ ಮೂರ್ತಿಗಳು.

ಇನ್ನು ಯಲ್ಲಾಪುರ, ಹಳಿಯಾಳದ ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದಿಳಿದ ಆಫ್ರಿಕನ್ನರ ಸಂತತಿ. ಅವರ ಹೆಣ್ಣುಮಕ್ಕಳು ಹಳೇ ಬಟ್ಟೆಯ ಕೌದಿಯನ್ನು ಅಂಚಿನಿಂದ ಶುರುಮಾಡಿ ನಡುವಿನತ್ತ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕು ಮೂಲೆಗೂ ‘ಫುಲಾ’ ಎಂಬ ಬಟ್ಟೆಯ ಹೂವಿಟ್ಟರೇನೇ ಕೌದಿ ಮುಗಿದ ಲೆಕ್ಕ. ಇಷ್ಟೆಲ್ಲ ಹತ್ತಿರದಲ್ಲಿರುವಾಗ ವಿಮಾನ ಹತ್ತುವುದೆಂದರೆ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ವಿರೋಧ: ಗಡಿ ದಾಟದೆ ಪರಕೀಯತೆ ತಿಳಿಯದು

ಬೈಲಕುಪ್ಪೆ ಟಿಬೆಟ್ ಅಲ್ಲ, ಟಿಬೆಟ್ ಕಳೆದುಕೊಂಡವರ ಊರು. ಅಲ್ಲಿ ಹಿಮವಿಲ್ಲ, ಜೋಳದ ಹೊಲವಿದೆ. ತಾಯ್ನಾಡಿಗೆ ಮರಳಲಾಗದ್ದಕ್ಕೇ ಅವರು ಇಲ್ಲಿ ಮಠ ಕಟ್ಟಿದರು. ಅದನ್ನು ನೋಡಿ ಟಿಬೆಟ್ ಕಂಡೆವೆಂದರೆ ಅವರ ನೋವನ್ನೇ ಮರೆತಂತೆ. ಸಿದ್ದಿಗಳಂತೂ ಕನ್ನಡ, ಕೊಂಕಣಿ ಆಡುವ ನಮ್ಮವರು. 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವವರು. ಅವರಲ್ಲಿ ಆಫ್ರಿಕಾ ಹುಡುಕುವುದೆಂದರೆ ಅವರನ್ನು ಇನ್ನೂ ಹೊರಗಿನವರಾಗಿಯೇ ಇಟ್ಟಂತೆ.

ಹೊರದೇಶದಲ್ಲಿ ಹೊರಗಿನವರು ನಾವೇ. ಬಸ್ಸಿನ ಬೋರ್ಡು ಓದಲಾಗದು, ಚಿಲ್ಲರೆ ಎಣಿಸಲಾಗದು, ಹಸಿವಾಗಿದೆ ಎನ್ನಲೂ ಕೈಸನ್ನೆಯೇ ಗತಿ. ಆ ಅಸಹಾಯಕತೆ ಅನುಭವಿಸಿದವರಿಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ದಿಕ್ಕು ತೋಚದೆ ನಿಂತ ಒಡಿಶಾದ ಕೂಲಿಯವನ ಪಾಡು ಬೇಗ ಅರ್ಥವಾಗುತ್ತದೆ. ಹಳ್ಳಿಯ ಬದುಕನ್ನು ಜೀವಮಾನವಿಡೀ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದರು. ಅಲ್ಲಿ ಕಂಡದ್ದನ್ನು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೇ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರನ್ನು ಅಷ್ಟು ಬಲ್ಲವರಿಗೂ ಹೊರಗೆ ನೋಡುವುದು ಉಳಿದಿತ್ತು.

ಬೈಲಕುಪ್ಪೆಗೂ ಹಳಿಯಾಳಕ್ಕೂ ಖಂಡಿತ ಹೋಗಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಖರ್ಚಿನ ಚಿಂತೆಯಿದ್ದರೆ ನೇಪಾಳದಿಂದ ಶುರುಮಾಡಿ. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ. ರಸ್ತೆಯಲ್ಲಿ ಗಡಿ ದಾಟಲು ಮತದಾರರ ಗುರುತಿನ ಚೀಟಿ ಸಾಕು.