ಇದರಾಗ ಅಸಲಿ ಯಾವುದು? (ಕೋಡ್ ಮಾತು – 4)

ದೋಸ್ತರೇ, ಸಬ್‌ಮಿಷನ್ ಹತ್ತಿರ ಬಂತಂದ್ರ ಡೆಸ್ಕ್‌ಟಾಪ್ ಮ್ಯಾಲ ಫೋಲ್ಡರ್‌ಗಳ ಸಂತಿ ಕೂಡತದ. ‘ಪ್ರಾಜೆಕ್ಟ್’, ‘ಪ್ರಾಜೆಕ್ಟ್ ಫೈನಲ್’, ‘ಫೈನಲ್ ಹೊಸದು’, ‘ಸರ್‌ಗೆ ತೋರಿಸಿದ್ದು’. ನಾಲ್ಕು ಮಂದಿ ಟೀಮು, ನಾಲ್ಕು ಪೆನ್‌ಡ್ರೈವ್. ವೈವಾದಾಗ ‘ಓಡೋದು ಯಾವುದು?’ ಅಂದ್ರ ಒಬ್ಬರ ಮುಖ ಒಬ್ಬರು ನೋಡೋದು.

ನಾನು ಹೇಳೋದು ಇಷ್ಟೇ: ಕಾಪಿ ಮಾಡೋದು ತಪ್ಪಲ್ಲ. ಯಾವ ಕಾಪಿಯಲ್ಲಿ ಏನು ಬದಲಾಯ್ತು, ಯಾರು ಬದಲಿಸಿದರು ಅಂತ ಬರೆದಿಡದೇ ಇರೋದು ತಪ್ಪು.

ನಮ್ಮ ಕೊಡೇಕಲ್ ಬಸವಣ್ಣನ ಕಾಲಜ್ಞಾನದ ವಚನಗಳು ಉಳಿದು ಬಂದದ್ದೇ ಕೈಬರಹದ ಪ್ರತಿಗಳಿಂದ. ಕೈಯಿಂದ ನಕಲು ಮಾಡಿದಾಗ ಪ್ರತಿಯಿಂದ ಪ್ರತಿಗೆ ಅಕ್ಷರ ಬದಲಾಗೋದು ಸಹಜ. ಹಳೆಯ ಗ್ರಂಥ ಸಂಪಾದಿಸುವವರು ಯಾವ ಪ್ರತಿಯಲ್ಲಿ ಯಾವ ಪಾಠ ಅದ ಅಂತ ಪಾಠಾಂತರ ಗುರುತು ಹಾಕ್ತಾರ. ನಮ್ಮ ಕೋಡ್‌ಗೂ ಅದೇ ಶಿಸ್ತು ಬೇಕು.

ಮೊದಲು ಎಕ್ಲಿಪ್ಸ್ ತಿಳ್ಕೊಳ್ರಿ. ವರ್ಕ್‌ಸ್ಪೇಸ್ ಅಂದ್ರ ಒಂದು ಫೋಲ್ಡರ್. ಪ್ರಾಜೆಕ್ಟ್ ಅದರೊಳಗೇ ಇರಬೇಕಂತಿಲ್ಲ. ಇಂಪೋರ್ಟ್ ಮಾಡುವಾಗ ‘ಕಾಪಿ ಪ್ರಾಜೆಕ್ಟ್ಸ್ ಇನ್‌ಟು ವರ್ಕ್‌ಸ್ಪೇಸ್’ ಟಿಕ್ ಹಾಕಿದ್ರ ಹೊಸ ಕಾಪಿ ಆಗತದ. ಹಾಕದಿದ್ರ ನೀವು ತಿದ್ದೋದು ಮೂಲ ಫೈಲನ್ನೇ. ಪೆನ್‌ಡ್ರೈವಿನಿಂದ ಹಂಗ ತೆರೆದ್ರ, ಪೆನ್‌ಡ್ರೈವ್ ಕಿತ್ತಿದ ಕೂಡಲೇ ಕೋಡೂ ಹೋಯ್ತು. ಡಿಲೀಟ್ ಮಾಡುವಾಗ ‘ಡಿಲೀಟ್ ಪ್ರಾಜೆಕ್ಟ್ ಕಂಟೆಂಟ್ಸ್ ಆನ್ ಡಿಸ್ಕ್’ ಟಿಕ್ ಹಾಕೋ ಮುಂಚೆ ಎರಡು ಸಲ ಓದ್ರಿ. ಅದಕ್ಕೆ ಅನ್‌ಡೂ ಇಲ್ಲ.

ಆಮೇಲೆ ಗಿಟ್. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕಂತ ಮಾಡಿದ್ದು. ಫೋಲ್ಡರ್ ಒಂದೇ, ಹೊಸ ಪ್ರಯೋಗಕ್ಕೆ ಒಂದು ಬ್ರಾಂಚ್. ಎರಡು ಬ್ರಾಂಚ್ ಒಟ್ಟಿಗೆ ತೆರೆದಿಡಬೇಕಂದ್ರ ‘ಗಿಟ್ ವರ್ಕ್‌ಟ್ರೀ’ ಅದ, ಬ್ಯಾರೆ ಫೋಲ್ಡರ್‌ನಾಗ ತೆರೆದ್ರೂ ಇತಿಹಾಸ ಒಂದೇ ಇರ್ತದ.

‘ಊರಾಗ ನೆಟ್ ಸಿಗಂಗಿಲ್ಲ’ ಅಂತೀರಿ. ಕಮಿಟ್‌ಗೆ, ಬ್ರಾಂಚ್‌ಗೆ ನೆಟ್ಟೇ ಬೇಡ. ಪೆನ್‌ಡ್ರೈವ್‌ನಾಗ ‘ಬೇರ್’ ರೆಪಾಸಿಟರಿ ಮಾಡಿ, ನಾಲ್ಕೂ ಮಂದಿ ಅದಕ್ಕೇ ಪುಶ್, ಅದರಿಂದಲೇ ಪುಲ್ ಮಾಡಬಹುದು. ‘ಕಲಿಯಾಕ ಟೈಮ್ ಎಲ್ಲದ?’ ಅಂದ್ರ, ಇನಿಟ್, ಆ್ಯಡ್, ಕಮಿಟ್, ಲಾಗ್, ಈ ನಾಲ್ಕರಿಂದ ಶುರು ಮಾಡ್ರಿ. ಒಂದು ಸಂಜಿ ಸಾಕು.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ, ನ್ಯಾಯದ ಮಾತು. ಟೀಮ್‌ನಾಗ ಲ್ಯಾಪ್‌ಟಾಪ್ ಇದ್ದವರೇ ಪ್ರಾಜೆಕ್ಟಿನ ಮಾಲೀಕರು ಆಗಿಬಿಡ್ತಾರ. ಲ್ಯಾಬ್‌ನಾಗ ಕುಂತು ಲಾಗಿನ್ ಪೇಜ್ ಬರೆದ ಹುಡುಗಿ ಹೆಸರು ‘ಫೈನಲ್ ಹೊಸದು’ ಫೋಲ್ಡರ್‌ನಾಗ ಎಲ್ಲೂ ಕಾಣಂಗಿಲ್ಲ. ಗಿಟ್ ಲಾಗ್‌ನಾಗ ಕಾಣತದ, ತಾರೀಖು ಸಮೇತ. ಅದಕ್ಕೇ ಒಂದೇ ಮಷೀನ್ ಹಂಚಿಕೊಂಡಾಗ, ಕಮಿಟ್ ಮಾಡೋ ಮುಂಚೆ ನಿಮ್ಮ ನಿಮ್ಮ ಹೆಸರು ಹಾಕಿಕೊಳ್ರಿ.

ನಿಮ್ಮ ಟೀಮ್‌ನಾಗ ಎಷ್ಟು ‘ಫೈನಲ್’ ಅದಾವ? ಕಮೆಂಟ್‌ನಾಗ ಖರೇ ಹೇಳ್ರಿ.

#ಕೋಡ್‌ಮಾತು #ಕೊಡೇಕಲ್ #ಕನ್ನಡದಲ್ಲಿಕೋಡಿಂಗ್